ಅತ್ತಿಗೆಯ ಬೆಟ್ಟದ ಪುಸ್ತಕ

ನನ್ನ ಗಂಡನ ಅಕ್ಕನಿಗೆ ಅರುವತ್ತು ತುಂಬಿದ ದಿನ ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿರುವ ಅವರ ಹೋಟೆಲಿನಲ್ಲೇ ಮನೆಮಂದಿಗೆಲ್ಲ ಊಟ ಇತ್ತು. ಪಾಯಸ ಬಡಿಸುವ ಹೊತ್ತಿಗೆ ಅವರ ಮಗಳು, ಅಳಿಯ, ತಮ್ಮಂದಿರು ಎಲ್ಲರೂ ಸೇರಿ "ಏನು ಬೇಕು ಹೇಳಿ, ಕೊಡಿಸುತ್ತೇವೆ" ಎಂದು ದುಂಬಾಲು ಬಿದ್ದರು. ಬಳೆ ಕೇಳಿಯಾರು, ಕಾಶಿಗೆ ಹೋಗುತ್ತೇನೆಂದಾರು ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು, "ನನಗೆ ಬೆಟ್ಟ ಹತ್ತಬೇಕು" ಎಂದರು.

"ಯಾವ ಬೆಟ್ಟ?" ಎಂದು ಭಾವ ಕೌಂಟರಿನಿಂದಲೇ ಕೇಳಿದರು.

"ಯಾವುದಾದ್ರೂ ಆಗ್ತದೆ. ಮೂವತ್ತೈದು ವರ್ಷದಿಂದ ಹಿಂದಿನ ಬಾಗಿಲಲ್ಲಿ ಕೂತು ಕಾಯಿ ತುರಿತಾ ಯೇವೂರಿನ ಗುಡ್ಡ ನೋಡ್ತಾ ಇದ್ದೇನೆ. ಅಲ್ಲಿಂದ ನಮ್ಮ ಹೋಟೆಲು ಹೇಗೆ ಕಾಣ್ತದೆ ಅಂತ ಒಮ್ಮೆಯೂ ನೋಡ್ಲಿಲ್ಲ."

ಎಲ್ಲರೂ ನಕ್ಕರು. ಅತ್ತಿಗೆ ನಗಲಿಲ್ಲ. ಸೌಟನ್ನು ನನ್ನ ಕಡೆ ತೋರಿಸಿ, "ಇವಳು ನನ್ನ ಜೊತೆ ಬರ್ತಾಳೆ" ಎಂದು ತೀರ್ಮಾನ ಕೊಟ್ಟುಬಿಟ್ಟರು. ಬಾಯಲ್ಲಿ ಪಾಯಸ ಇದ್ದುದರಿಂದ ನನಗೆ ಆ ಕ್ಷಣ ಬೇಡ ಎನ್ನಲಾಗಲಿಲ್ಲ. ನುಂಗಿದ ಮೇಲೆ ಹೇಳಬಹುದಿತ್ತು, ಹೇಳಲಿಲ್ಲ.

ಆಗ ನನಗೆ ನಲವತ್ತೆಂಟು. ಡೊಂಬಿವಿಲಿಯಲ್ಲಿ ಮನೆ, ಮಹಾಪೆಯಲ್ಲಿ ಆಫೀಸು. ಬೆಳಿಗ್ಗೆ ಶೀಳ್ ಫಾಟಾದ ಟ್ರಾಫಿಕ್ಕಿನಲ್ಲಿ ಬಸ್ಸಿನೊಳಗೆ ಕೂರುವುದು, ಆಮೇಲೆ ಸಂಜೆಯವರೆಗೆ ಕಂಪ್ಯೂಟರಿನ ಮುಂದೆ ಕೂರುವುದು, ಮತ್ತೆ ಬಸ್ಸಿನಲ್ಲಿ ಕೂರುವುದು. ಹತ್ತುವುದೆಂದರೆ ನನ್ನ ಪಾಲಿಗೆ ನಮ್ಮ ಬಿಲ್ಡಿಂಗಿನ ಲಿಫ್ಟು ಕೆಟ್ಟ ದಿನದ ಮೂರು ಮಹಡಿ, ಅಷ್ಟೆ.

ಕಲ್ಯಾಣದಲ್ಲಿ ಶಾಲೆಯ ಪಿ.ಟಿ. ಮೇಷ್ಟ್ರಾಗಿ ನಿವೃತ್ತರಾದ ಒಬ್ಬರು ತಿಂಗಳಿಗೊಂದು ಭಾನುವಾರ ಹತ್ತಿಪ್ಪತ್ತು ಜನರನ್ನು ಬೆಟ್ಟಗಳಿಗೆ ಕರೆದುಕೊಂಡು ಹೋಗುತ್ತಾರೆಂದು ಅಳಿಯ ಪತ್ತೆ ಮಾಡಿದ. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ನಾವಿಬ್ಬರೂ ಹೋಗಿ ಕಂಡಾಗ ಅವರು ಅತ್ತಿಗೆಯನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಕಲ್ಯಾಣ್ ಸ್ಟೇಷನ್ನಿನ ಮೇಲ್ಸೇತುವೆಯನ್ನು ಮೂರು ಸಲ ಹತ್ತಿ ಇಳಿದು ತೋರಿಸಿ ಎಂದರು. ಸರ್ ಕೆಳಗೆ ಬೆಂಚಿನ ಮೇಲೆ ಕೂತು ಲೆಕ್ಕ ಇಡುತ್ತಿದ್ದರು. ನಾನು ಮೂರನೆಯ ಸುತ್ತಿನಲ್ಲಿ ಕಂಬ ಹಿಡಿದು ನಿಂತೆ. ಅತ್ತಿಗೆ ಮೂರು ಮುಗಿಸಿ, ನಾಲ್ಕನೆಯ ಸಲ ಆಚೆಗೆ ಹೋಗಿ ಮೂವರಿಗೂ ಚಹಾ ತಂದರು. ಸರ್ ಚಹಾ ಕುಡಿದು, "ಇವರನ್ನು ತೆಗೆದುಕೊಂಡೆ. ನಿಮ್ಮನ್ನು ಇವರ ಜೊತೆಗೆ ಬಂದವರೆಂದು ಸೇರಿಸಿಕೊಳ್ಳುತ್ತೇನೆ" ಎಂದು ಮರಾಠಿಯಲ್ಲಿ ನನಗೆ ಹೇಳಿದರು.

ಹಾಗೆ ಶುರುವಾಯಿತು. ಮೊದಲು ಯೇವೂರು, ಅತ್ತಿಗೆಯ ಹಟಕ್ಕೆ. ಮೇಲಿನಿಂದ ಹೋಟೆಲು ಕಾಣಲಿಲ್ಲ. ಎತ್ತರದ ಹೊಸ ಕಟ್ಟಡವೊಂದು ಅಡ್ಡ ಬಂದಿತ್ತು. "ಹೋಗ್ಲಿ, ಅದು ಅಲ್ಲೇ ಉಂಟಲ್ಲ" ಎಂದು ಅವರು ಸಮಾಧಾನ ಮಾಡಿಕೊಂಡರು. ಮಳೆಗಾಲದಲ್ಲಿ ಲೋಹಗಡ, ಪನ್ವೇಲಿನಾಚೆಯ ಕರ್ನಾಳ. ಕರ್ಜತ್ ಕಡೆಯ ಕೋಥಳಿಗಡದಲ್ಲಿ ಬಂಡೆಯನ್ನೇ ಒಳಗಿನಿಂದ ಕೊರೆದು ಮಾಡಿದ ಮೆಟ್ಟಿಲುಗಳಿವೆ. ಆ ಕತ್ತಲಲ್ಲಿ ಏರಿ ಒಮ್ಮೆಲೇ ಆಕಾಶಕ್ಕೆ ತಲೆ ಹಾಕಿದಾಗ ನನ್ನ ಬಾಯಿಂದ ಬಂದ ಕೂಗು ಕೇಳಿ ನನಗೇ ನಾಚಿಕೆಯಾಯಿತು. ಅತ್ತಿಗೆ ಎಲ್ಲ ಕಡೆಗೂ ಸೀರೆಯಲ್ಲೇ ಬಂದರು. ನೆರಿಗೆ ಮೇಲಕ್ಕೆ ಸಿಕ್ಕಿಸಿ, ಅಳಿಯ ತಂದುಕೊಟ್ಟ ನೀಲಿ ಶೂ ಹಾಕಿ, ಬೆನ್ನಿಗೆ ಇಡ್ಲಿಯ ಡಬ್ಬಿಗಳಿದ್ದ ಚೀಲ ಏರಿಸಿ ಹೊರಟರೆ ಅವರನ್ನು ಹಿಂದಿನಿಂದ ನೋಡುವುದೇ ನನ್ನ ಕೆಲಸವಾಗಿತ್ತು.

ಡಿಸೆಂಬರಿನಲ್ಲಿ ಕಳಸೂಬಾಯಿ. ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ಮುಂಜಾನೆಯ ಕಸಾರಾ ಲೋಕಲ್ ಹಿಡಿದು, ಅಲ್ಲಿಂದ ಜೀಪಿನಲ್ಲಿ ಬುಡದ ಹಳ್ಳಿಗೆ ಹೋದೆವು. ದಾರಿಯಲ್ಲಿ ಕಡಿದಾದ ಬಂಡೆಗಳಿಗೆ ಅಲ್ಲಲ್ಲಿ ಕಬ್ಬಿಣದ ಏಣಿ ಹಾಕಿದ್ದಾರೆ. ಮೊದಲನೆಯದನ್ನು ಹೇಗೋ ಹತ್ತಿದೆ. ಎರಡನೆಯದರ ಅರ್ಧಕ್ಕೆ ಬಂದಾಗ, ಕೆಳಗೆ ನೋಡಬೇಡಿ ಎಂದು ಸರ್ ಹೇಳಿದ್ದನ್ನು ನೆನಪಿಸಿಕೊಂಡು ಕೆಳಗೆ ನೋಡಿದೆ.

ಕೈ ಬಿಗಿಯಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಬ್ಬಿಣದ ಸಲಾಕೆಯನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದೆ. ಹಿಂದೆ ಜನರ ಸಾಲು. "ಓ ತಾಈ, ಚಲಾ ನಾ!" ಅಕ್ಕಾ, ನಡೆಯಿರಿ ಎಂದು ಯಾರೋ ಕೂಗಿದರು. ಆ ಊರಿನ ಹೆಂಗಸೊಬ್ಬಳು ತಲೆಯ ಮೇಲೆ ನಿಂಬೆ ಶರಬತ್ತಿನ ಕೊಡ ಇಟ್ಟುಕೊಂಡು ಏಣಿಯ ಪಕ್ಕದ ಬಂಡೆಯಲ್ಲೇ, ಕೈ ಕೂಡ ಹಿಡಿಯದೆ, ನನ್ನನ್ನು ದಾಟಿ ಹೋದಳು. ಅದನ್ನು ಕಂಡು ನಾನು ಅಳತೊಡಗಿದೆ.

ಅತ್ತಿಗೆ ಆಗಲೇ ಏಣಿ ಮುಗಿಸಿ ಮೇಲೆ ನಿಂತಿದ್ದರು. ಸರ್ ಹಿಂದಿನವರನ್ನೆಲ್ಲ ಸ್ವಲ್ಪ ದೂರ ನಿಲ್ಲಿಸಿದರು. ಅತ್ತಿಗೆ ಹಿಮ್ಮುಖವಾಗಿ ಇಳಿದು ನನಗಿಂತ ಒಂದು ಮೆಟ್ಟಿಲು ಮೇಲೆ ಬಂದು, ಒಂದು ಕೈಯಿಂದ ನನ್ನ ಜಡೆ ಹಿಡಿದರು. ಕೈಗೆ ಸಿಕ್ಕಿದ್ದು ಅದೇ ಇರಬೇಕು.

"ಪೋಡಿಯೊಡ್ಚಿ, ಯಾನ್ ಉಳ್ಳೆ" ಎಂದರು. ಹೆದರಬೇಡ, ನಾನಿದ್ದೇನೆ ಎಂದು. ಗಾಬರಿಯಾದಾಗ ನಮ್ಮಿಬ್ಬರಿಗೂ ತುಳುವೇ ಬರುವುದು. "ಬಲಗಾಲು ಕೆಳಗೆ ಹಾಕು. ಹಾಂ. ಈಗ ಎಡಗಾಲು."

"ಅತ್ತಿಗೆ, ನೀವು ಹೋಗಿ. ನಾನು ಇಲ್ಲೇ ಇರ್ತೇನೆ."

"ಇಲ್ಲೇ ಇರ್ತಾಳಂತೆ! ಏಣಿಯಲ್ಲಿ ಮನೆ ಮಾಡ್ತೀಯಾ ಮಾರಾಯ್ತಿ? ಕಾಲು ಹಾಕು."

ಹಾಗೆ ಒಂದೊಂದೇ ಮೆಟ್ಟಿಲು ಇಳಿಸಿದರು. ಕೆಳಗೆ ಸಮತಟ್ಟು ಜಾಗದಲ್ಲಿ ಕೂತ ಮೇಲೆ ಸರ್ ಬಂದು, "ಇವರ ಜೊತೆ ನಾನಿರುತ್ತೇನೆ, ನೀವು ಉಳಿದವರೊಂದಿಗೆ ತುದಿಗೆ ಹೋಗಿಬನ್ನಿ" ಎಂದು ಅತ್ತಿಗೆಗೆ ಹೇಳಿದರು. ಅವರು ಒಮ್ಮೆ ಮೇಲೆ ನೋಡಿದರು. ತುದಿಯ ಪುಟ್ಟ ಗುಡಿಗೆ ಇನ್ನು ಒಂದು ಗಂಟೆಯ ದಾರಿಯೂ ಇರಲಿಲ್ಲ. "ಬೇಡ. ನನಗೆ ಹಸಿವಾಗ್ತದೆ" ಎಂದು ಡಬ್ಬಿ ಬಿಚ್ಚಿದರು. ಕೋತಿಯೊಂದು ಬಂದು ನನ್ನ ಕೈಯಲ್ಲಿದ್ದ ಇಡ್ಲಿಯನ್ನೇ ಕಿತ್ತುಕೊಂಡು, ಚಟ್ನಿಪುಡಿಯ ಖಾರಕ್ಕೆ ತಲೆ ಕೊಡವಿ, ಆದರೂ ಬಿಡದೆ ತಿಂದಿತು. ಅಳುತ್ತಿದ್ದ ನನಗೆ ನಗು ತಡೆಯಲಾಗಲಿಲ್ಲ. ಆಗ ಸರ್ ಅತ್ತಿಗೆಯ ಫೋನಿನಲ್ಲಿ ನಮ್ಮದೊಂದು ಫೋಟೋ ತೆಗೆದರು.

ಸೋಮವಾರ ಆಫೀಸಿನಲ್ಲಿ ಊಟದ ಹೊತ್ತಿಗೆ ವಿಜಯಪುರದ ಕಡೆಯ ನಮ್ಮ ಸಹೋದ್ಯೋಗಿಯೊಬ್ಬರು, "ಏನ್ರೀ ಮೇಡಂ, ಕಳಸೂಬಾಯಿ ಮುಟ್ಟಿ ಬಂದ್ರೇನು?" ಎಂದು ಕೇಳಿದರು. ಟೇಬಲಿನಲ್ಲಿದ್ದವರೆಲ್ಲ ನನ್ನ ಕಡೆ ನೋಡಿದರು. "ಹೂಂ, ಹೋಗಿ ಬಂದೆವು" ಎಂದೆ.

ಏಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ನನ್ನ ಮಾನ ಉಳಿಸಿಕೊಳ್ಳಲು ಎಂಬುದು ಹೌದು. ಆದರೆ ಅದಕ್ಕಿಂತ, ಅತ್ತಿಗೆ ನನ್ನಿಂದಾಗಿ ತುದಿ ಮುಟ್ಟಲಿಲ್ಲ ಎಂಬುದನ್ನು ಬಾಯಿಬಿಟ್ಟು ಹೇಳಲು ನನ್ನಿಂದ ಆಗಲಿಲ್ಲ. ಹೋಗಿದ್ದೇವೆ ಎಂದರೆ ಅವರೂ ಹೋದಂತೆ ಆಗುತ್ತದೆ ಎಂಬ ಪೆದ್ದು ಸಮಾಧಾನ.

ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮಾರ್ಚಿನಲ್ಲಿ ಮಹಿಳಾ ದಿನಕ್ಕೆ ಆಫೀಸಿನಲ್ಲಿ ನನ್ನನ್ನು ವೇದಿಕೆಗೆ ಕರೆದು, 'ಕಳಸೂಬಾಯಿ ಏರಿದ ನಮ್ಮ ಮೇಡಂ' ಎಂದು ಚಪ್ಪಾಳೆ ಹೊಡೆಸಿ, ಮನಿಪ್ಲಾಂಟಿನ ಕುಂಡ ಕೊಟ್ಟರು. ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದವಳು "ಬರ್ತ್‌ಡೇ ಹೈ ಕ್ಯಾ?" ಎಂದು ಕೇಳಿದಳು. ಅದಕ್ಕೂ ಹೌದೆಂದೆ. ಗಂಡ ಕೇಳಿದಾಗ, "ಆಫೀಸಿನಲ್ಲಿ ಎಲ್ಲ ಹೆಂಗಸರಿಗೂ ಕೊಟ್ಟರು" ಎಂದೆ. ಅವರು "ಒಳ್ಳೆಯದಾಯ್ತು" ಎಂದು ಕಿಟಕಿಯಲ್ಲಿ ಜಾಗ ಮಾಡಿಕೊಟ್ಟರು.

ಮೇ ತಿಂಗಳಲ್ಲಿ ನಾವು ಬೆಟ್ಟ ಹತ್ತತೊಡಗಿ ವರ್ಷ ತುಂಬಿತು. ಅತ್ತಿಗೆ ಫೋನ್ ಮಾಡಿ, "ಫೋಟೋ ಎಲ್ಲ ಸೇರಿಸಿ ಒಂದು ಪುಸ್ತಕ ಮಾಡಿಸ್ಬೇಕು" ಎಂದರು.

"ಫೋನಿನಲ್ಲಿ ಇದೆಯಲ್ಲ ಅತ್ತಿಗೆ."

"ಫೋನಿನಲ್ಲಿದ್ದದ್ದು ಫೋನಿನಲ್ಲೇ ಸಾಯ್ತದೆ. ದಪ್ಪ ರಟ್ಟಿಂದು ಬೇಕು. ಮದುವೆ ಆಲ್ಬಮಿನ ಹಾಗೆ ಮಡಿಲಲ್ಲಿಟ್ಟು ನೋಡುವಂಥದ್ದು."

ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿಕೊಡಲು ನನ್ನ ಮಗಳು ಕೂತಳು. ಡೊಂಬಿವಿಲಿಯಲ್ಲೇ ಹುಟ್ಟಿದವಳು, ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ. ನನ್ನ ಫೋನಿನ ಚಿತ್ರಗಳನ್ನು ಸರಸರನೆ ಸರಿಸಿ, "ಅಮ್ಮಾ, ಸಬ್ ಮೇ ಅತ್ತೆ ಕೀ ಪೀಠ್ ಹೀ ಹೈ!" ಎಂದಳು. ನಿಜ. ಎಲ್ಲದರಲ್ಲೂ ಅತ್ತಿಗೆಯ ಬೆನ್ನು, ಚೀಲ, ನೀಲಿ ಶೂ. ಅವರು ಯಾವಾಗಲೂ ಮುಂದೆ, ನಾನು ಯಾವಾಗಲೂ ಹಿಂದೆ. ಅತ್ತಿಗೆಯ ಫೋನಿನಲ್ಲಿ ಮಾತ್ರ ಬೆಟ್ಟಗಳೇ ಕಡಿಮೆ. ಬೇರೆಯವರ ಡಬ್ಬಿಯಲ್ಲಿದ್ದ ಕಡಲೆಹಿಟ್ಟಿನ ಪಿಠ್ಲಾ, ಜೋಳದ ಭಾಕ್ರಿ, ಹಸಿಮೆಣಸಿನ ಠೇಚಾ; ಹಳ್ಳಿಯ ಮನೆಗಳ ಒಲೆ; ನಮ್ಮನ್ನು ಹಿಂಬಾಲಿಸಿದ ನಾಯಿಗಳು; ಶೂ ಬಿಚ್ಚಿ ಬಿಸಿಲಿಗೆ ಒಡ್ಡಿದ ಯಾರದೋ ಪಾದಗಳು; ನಡುವೆ ಸರ್ ತೆಗೆದುಕೊಟ್ಟ ನಮ್ಮಿಬ್ಬರ ಕೆಲವು ಚಿತ್ರಗಳು. ಹಲವು ಚಿತ್ರಗಳ ಮೂಲೆಯಲ್ಲಿ ಅವರ ಹೆಬ್ಬೆರಳೂ ಇತ್ತು. ಮಗಳು ಅವುಗಳನ್ನು ತುಂಬ ಹೊತ್ತು ನೋಡಿ, ನನ್ನ ಚಿತ್ರಗಳಿಗಿಂತ ಅತ್ತೆಯದೇ ಚೆನ್ನಾಗಿವೆ ಎಂದುಬಿಟ್ಟಳು. ಇಬ್ಬರ ಫೋನಿನಿಂದ ಎರಡು ಸಾವಿರಕ್ಕೂ ಹೆಚ್ಚು ಚಿತ್ರಗಳು. ಮೂರು ಭಾನುವಾರ ಕೂತು ನೂರಿಪ್ಪತ್ತಕ್ಕೆ ಇಳಿಸಿದೆವು.

ಡೊಂಬಿವಿಲಿ ಸ್ಟೇಷನ್ನಿನ ಹತ್ತಿರ ಮದುವೆ ಆಲ್ಬಮ್ ಮಾಡುವ ಸ್ಟುಡಿಯೋ ಒಂದಿದೆ. ನಡೆಸುವವಳು ನನ್ನದೇ ವಯಸ್ಸಿನ ಮರಾಠಿ ಹೆಂಗಸು. ಮಾತಿನ ಮಧ್ಯೆ ಒಂದು ಸಲವೂ ಕಂಪ್ಯೂಟರಿನಿಂದ ಕಣ್ಣು ಕೀಳದವಳು. ಬೆಟ್ಟದ ಪುಸ್ತಕ ಎಂದಾಗ ಅವಳು ತಡವರಿಸಲಿಲ್ಲ. "ಟೆನ್ಶನ್ ನಕೋ ತಾಈ, ಮಸ್ತ್ ಮಾಡಿಕೊಡುತ್ತೇನೆ" ಎಂದಳು.

ವಾರದ ನಂತರ ಅವಳು ತೆರೆಯ ಮೇಲೆ ತೋರಿಸಿದ ಮೊದಲ ಪುಟದಲ್ಲಿ, ಯೇವೂರಿನ ಗುಡ್ಡದ ಮೇಲೆ ದೊಡ್ಡದೊಂದು ಗುಲಾಬಿ ಬಣ್ಣದ ಹೃದಯ, ಅದರೊಳಗೆ ನಾನೂ ಅತ್ತಿಗೆಯೂ. ಸುತ್ತ ಮಲ್ಲಿಗೆಯ ಮಾಲೆ. ಮುಂದಿನ ಪುಟದಲ್ಲಿ ಲೋಹಗಡದ ಮಂಜಿನಲ್ಲಿ ಎರಡು ಬಿಳಿ ಪಾರಿವಾಳ. ನಮ್ಮಿಬ್ಬರ ಮುಖವನ್ನೂ ಹಾಲಿನ ಹಾಗೆ ಬೆಳ್ಳಗೆ ಮಾಡಿದ್ದಳು. ಅತ್ತಿಗೆಯ ಹಣೆಯಲ್ಲಿ ಒಂದು ಗೆರೆಯೂ ಇರಲಿಲ್ಲ.

"ಇವು ಮದುವೆಯವು ಅಲ್ವಾ?" ಎಂದೆ.

"ನನ್ನಲ್ಲಿರುವುದು ಇಂಥವೇ" ಎಂದು ಅವಳು ಮೊದಲ ಸಲ ತಲೆಯೆತ್ತಿದಳು. "ಇಪ್ಪತ್ತು ವರ್ಷದಿಂದ ಮದುವೆ, ಮುಂಜಿ, ನಾಮಕರಣ ಬಿಟ್ಟು ಬೇರೇನೂ ಮಾಡಿಲ್ಲ. ಬೆಟ್ಟಕ್ಕೆ ಏನು ಹಾಕುತ್ತಾರೆ?"

"ಏನೂ ಹಾಕುವುದಿಲ್ಲ."

"ಏನೂ ಹಾಕದಿದ್ದರೆ ಗಿರಾಕಿಗಳು ಕೆಲಸ ಮಾಡಿಲ್ಲ ಅನ್ನುತ್ತಾರಲ್ಲ" ಎಂದು ಅವಳು ನಿಜಕ್ಕೂ ಚಿಂತೆಯಿಂದ ಹೇಳಿದಳು. ಪಾರಿವಾಳ, ಹೃದಯ, ಮಾಲೆ ಎಲ್ಲ ತೆಗೆದೆವು. ಅತ್ತಿಗೆಯ ಗೆರೆಗಳನ್ನು ವಾಪಸು ಹಾಕಿಸಿದೆ. ನನ್ನ ಮುಖದ ಬಗ್ಗೆ ನಾನು ಏನೂ ಹೇಳಲಿಲ್ಲ, ಅವಳೂ ಮುಟ್ಟಲಿಲ್ಲ.

ಡಿಸೆಂಬರಿನ ಪುಟ ಬಂದಾಗ ಅವಳು ಕೇಳಿದಳು, "ಕಳಸೂಬಾಯಿಯ ತುದಿಯ ಫೋಟೋ ಎಲ್ಲಿ?" ಸಿಗಲಿಲ್ಲ ಎಂದೆ. "ಹೋಗಿದ್ದಿರಲ್ಲ?" ಎಂದಳು. ನಾನು ಗೋಡೆಯ ಮೇಲಿನ ವಧೂವರರನ್ನು ನೋಡಿದೆ. ಅವಳು ಅದನ್ನು ಹೌದೆಂದೇ ತಿಳಿದು, "ಅದಕ್ಕೇನು ತಾಈ, ಎರಡು ನಿಮಿಷ" ಎಂದು ಎಲ್ಲಿಂದಲೋ ಶಿಖರದ ಚಿತ್ರ ತೆಗೆದು, ಕರ್ನಾಳದಲ್ಲಿ ಕೈ ಎತ್ತಿ ನಿಂತಿದ್ದ ನಮ್ಮಿಬ್ಬರನ್ನೂ ಕತ್ತರಿಸಿ ಆ ಗುಡಿಯ ಮುಂದೆ ನಿಲ್ಲಿಸಿದಳು. ನೆರಳು ಕೂಡ ಹಾಕಿದಳು. ಗಾಳಿಗೆ ಅತ್ತಿಗೆಯ ಸೆರಗು ಹಾರುತ್ತಿತ್ತು. ಇಂಥದ್ದೊಂದು ಆಗಿಯೇ ಇತ್ತು ಎನ್ನುವಷ್ಟು ಚೆಂದವಾಗಿತ್ತು. ಬೇಡ ಎನ್ನಬೇಕೆಂದು ಬಾಯಿ ತೆರೆದೆ. "ಇರಲಿ" ಎಂಬ ಮಾತು ಬಂತು.

ಅವಳು ಒಂದು ಮಾದರಿ ಪ್ರತಿ ಮುದ್ರಿಸಿಕೊಟ್ಟಳು. ಮರುದಿನ ಭಾನುವಾರ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ನಾನು, ನನ್ನ ಗಂಡ ಅದನ್ನು ಹಿಡಿದುಕೊಂಡು ವಾಗ್ಳೆ ಎಸ್ಟೇಟಿಗೆ ಹೋದೆವು. ಅತ್ತಿಗೆ ಟೇಬಲು ಒರೆಸಿ, ಕೈ ತೊಳೆದು, ಕನ್ನಡಕ ಹಾಕಿಕೊಂಡು ಕೂತರು. ಒಂದೊಂದು ಪುಟಕ್ಕೂ ಒಂದೊಂದು ಮಾತು. ಪಿಠ್ಲಾದ ಚಿತ್ರ ಅರ್ಧ ಪುಟಕ್ಕೆ ಬಂದದ್ದು ನೋಡಿ ಹಿಗ್ಗಿದರು. ಭಾವ ಕೌಂಟರು ಬಿಟ್ಟು ಬಂದು ಬೆನ್ನ ಹಿಂದೆ ನಿಂತರು.

ಡಿಸೆಂಬರಿನ ಪುಟಕ್ಕೆ ಅವರ ಕೈ ನಿಂತಿತು.

"ಇದು ಯಾರು?"

"ನಾವೇ, ಅತ್ತಿಗೆ."

"ನಾವಾ? ಎಲ್ಲಿ?"

ಅವರು ಪುಸ್ತಕವನ್ನು ಕಣ್ಣಿನ ಹತ್ತಿರ ತಂದರು. "ಇದು ಕರ್ನಾಳದ ಸೀರೆಯಲ್ವಾ? ಕಳಸೂಬಾಯಿಗೆ ನಾನು ಹಸುರು ಸೀರೆ ಉಟ್ಟದ್ದು. ಮತ್ತೆ ಅಲ್ಲಿಗೆ ನಾವು ಹೋಗಲೇ ಇಲ್ಲವಲ್ಲ ಮಾರಾಯ್ತಿ!"

ಆಗ ಎಲ್ಲ ಹೇಳಿದೆ. ಆಫೀಸಿನಲ್ಲಿ ಹೇಳಿದ ಮಾತು, ಮಹಿಳಾ ದಿನ, ಕುಂಡ, ಸ್ಟುಡಿಯೋ. ನನ್ನಿಂದ ನಿಮಗೆ ತುದಿ ತಪ್ಪಿತು ಎಂದೂ ಹೇಳಿದೆ. ಭಾವ ನಗು ತಡೆಯಲು ಬಾಯಿಗೆ ಟವೆಲು ಒತ್ತಿಕೊಂಡದ್ದು ಕಂಡು ನನಗೆ ಸಿಟ್ಟೂ ಬಂತು.

"ನಗ್ತೀರಲ್ಲ ಭಾವ?"

"ಮತ್ತೆಂತ ಮಾಡುವುದು? ಇವಳು ಮರುದಿನ ಬೆಳಿಗ್ಗೆಯೇ ಹೋಟೆಲಿಗೆ ಬಂದವರಿಗೆಲ್ಲ ಏಣಿಯ ಕಥೆ ಹೇಳಿ ಆಗಿದೆ. ಎದುರಿನ ಫ್ಯಾಕ್ಟರಿಯ ವಾಚ್‌ಮನ್‌ಗೂ ಗೊತ್ತುಂಟು."

ನಾನು ಗಂಡನ ಕಡೆ ತಿರುಗಿದೆ. ಅವರು ಚಹಾದ ಲೋಟವನ್ನು ಗಮನವಿಟ್ಟು ನೋಡುತ್ತಿದ್ದರು.

"ನಿಮಗೂ ಗೊತ್ತಿತ್ತಾ?"

"ಅಕ್ಕ ಆ ದಿನವೇ ಫೋನ್ ಮಾಡಿದ್ದಳು. ಕೋತಿಯ ಸಮೇತ ಗೊತ್ತಿತ್ತು" ಎಂದರು. "ನೀನಾಗಿ ಹೇಳುವವರೆಗೆ ಕೇಳುವುದು ಬೇಡ ಅಂತ ಇದ್ದೆ."

ಆರು ತಿಂಗಳು ನಾನು ಮನೆಯಲ್ಲಿ ಎಚ್ಚರದಿಂದ ಕಾಪಾಡಿದ ಗುಟ್ಟು ಠಾಣೆಯಿಂದ ಡೊಂಬಿವಿಲಿಯವರೆಗೆ ಎಲ್ಲರಿಗೂ ತಿಳಿದಿತ್ತು. ಅತ್ತಿಗೆ ಮಾತ್ರ ನಗಲಿಲ್ಲ. ಕನ್ನಡಕ ತೆಗೆದು ನನ್ನ ಕೈ ಹಿಡಿದುಕೊಂಡರು.

"ನನಗೆ ತಪ್ಪಿತು ಅಂತ ನಿನಗೆ ಯಾರು ಹೇಳಿದ್ದು? ಮೂವತ್ತೈದು ವರ್ಷ ನಾನು ಇಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ತಿಂದವಳು. ಆ ದಿನ ಬಂಡೆಯ ಮೇಲೆ ಕೂತು, ಯಾರಿಗೂ ಕಾಯದೆ, ಹಸಿವಾದಾಗ ತಿಂದೆ. ಎದುರಿಗೆ ಅಷ್ಟು ದೊಡ್ಡ ಕಣಿವೆ. ನನ್ನ ಆ ಫೋಟೋ ಹಾಕದೆ ಇದನ್ನು ಯಾಕೆ ಹಾಕಿದ್ದು?"

ಫೋನು ತೆಗೆದು ತೋರಿಸಿದರು. ಸರ್ ತೆಗೆದ ಆ ಚಿತ್ರ. ನನ್ನ ಕಣ್ಣು ಊದಿಕೊಂಡಿದೆ, ಮೂಗು ಕೆಂಪಾಗಿದೆ, ಬಾಯಿ ಪೂರ್ತಿ ತೆರೆದು ನಗುತ್ತಿದ್ದೇನೆ, ಜಡೆ ಬಿಚ್ಚಿಹೋಗಿದೆ. ಪಕ್ಕದಲ್ಲಿ ಅತ್ತಿಗೆ, ಕೆನ್ನೆಯ ತುಂಬ ಇಡ್ಲಿ. ಹಿಂದೆ ಏಣಿ. ಮೂಲೆಯಲ್ಲಿ ಕೋತಿಯ ಬಾಲ. ಆಯ್ಕೆ ಮಾಡುವಾಗ ಅದನ್ನು ನಾನೇ ಮಗಳಿಗೆ ಕಾಣದಂತೆ ಸರಿಸಿಬಿಟ್ಟಿದ್ದೆ.

ಸೋಮವಾರ ಊಟದ ಟೇಬಲಿನಲ್ಲಿ ನಿಜ ಹೇಳಿದೆ. ಮೊಸರನ್ನದ ಡಬ್ಬಿ ತೆರೆಯುವ ಮೊದಲೇ ಹೇಳಿಬಿಟ್ಟೆ, ಆಮೇಲೆ ಧೈರ್ಯ ಇರುತ್ತದೋ ಇಲ್ಲವೋ ಎಂದು. ಕುಂಡ ವಾಪಸು ತರುತ್ತೇನೆ ಎಂದೂ ಸೇರಿಸಿದೆ. ವಿಜಯಪುರದವರು, "ಅಯ್ಯ, ಅದಕ್ಕೇನಾತ್ರೀ? ನಾ ಅಂತೂ ನಮ್ಮ ಗೋಳಗುಮ್ಮಟದ ಮ್ಯಾಲ ಒಮ್ಮೆನೂ ಹತ್ತಿಲ್ಲರೀ. ಊರು ಯಾವುದಂತ ಕೇಳಿದವರಿಗೆಲ್ಲಾ ಹತ್ತೀನಿ ಅಂತೇ ಹೇಳ್ತೀನಿ" ಎಂದರು. ಟೇಬಲೆಲ್ಲ ನಕ್ಕಿತು. ಕುಂಡ ತರುವುದು ಬೇಡ, ಏಣಿಯ ಕಥೆ ಸರಿಯಾಗಿ ಹೇಳಿ ಎಂದರು. ಆ ದಿನ ನನ್ನ ಊಟ ಅರ್ಧಕ್ಕೇ ನಿಂತಿತು.

ಸ್ಟುಡಿಯೋಗೆ ಹೊಸ ಚಿತ್ರ ಒಯ್ದಾಗ ಅವಳು ಅದನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದಳು. ಅವಳ ಕೈ ಅಭ್ಯಾಸದಿಂದ ನನ್ನ ಮೂಗಿನ ಕೆಂಪು ತೆಗೆಯಲು ಹೋಯಿತು.

"ಇರಲಿ ಬಿಡಿ" ಎಂದೆ.

"ಕಣ್ಣಿನ ಊತ?"

"ಅದೂ ಇರಲಿ."

"ಕೋತಿಯ ಬಾಲ ಕತ್ತರಿಸಲಾ?"

"ಅದನ್ನು ಕತ್ತರಿಸಿದರೆ ನನ್ನ ಅತ್ತಿಗೆ ಇಲ್ಲಿಗೇ ಬರುತ್ತಾರೆ."

ಅವಳು ನಕ್ಕಳು. ಆ ಚಿತ್ರಕ್ಕೆ ಎರಡು ಪುಟ ಅಗಲಕ್ಕೆ ಜಾಗ ಕೊಟ್ಟಳು, ಸುತ್ತ ಏನೂ ಹಾಕದೆ. ನಿಮ್ಮ ಗುಂಪು ಮುಂದೆ ಯಾವಾಗ ಹೋಗುತ್ತದೆ ಎಂದು ಕೇಳಿದ್ದು ಆಮೇಲೆ, ಬೇರೇನೋ ಮಾತಾಡುವ ನಡುವೆ. ಅವಳ ಆಲ್ಬಮುಗಳಲ್ಲಿ ನವದಂಪತಿಗಳ ಹಿಂದೆ ಎಷ್ಟೋ ಬೆಟ್ಟಗಳನ್ನು ತಂದಿಟ್ಟಿದ್ದಳಂತೆ. ಹತ್ತಿದ್ದು ಒಂದೂ ಇಲ್ಲವಂತೆ.

ನಾಲ್ಕು ಪ್ರತಿ ಮಾಡಿಸಿದೆವು. ಒಂದು ಅತ್ತಿಗೆಗೆ, ಒಂದು ನಮಗೆ, ಒಂದು ಸರ್‌ಗೆ. ನಾಲ್ಕನೆಯದು ಹೋಟೆಲಿನ ಕೌಂಟರಿನ ಪಕ್ಕ ಇದೆ. ದೋಸೆಗೆ ಕಾಯುವವರು ತಿರುವಿ ಹಾಕಿ ಅದರ ಮೂಲೆಗಳು ಈಗಾಗಲೇ ಮೆತ್ತಗಾಗಿವೆ, ಲೋಹಗಡದ ಮೇಲೆ ಸಾಂಬಾರಿನ ಕಲೆಯೂ ಬಿದ್ದಿದೆ.

ಜುಲೈಯ ಮೊದಲ ಭಾನುವಾರ ಸ್ಟುಡಿಯೋದವಳು ನಿಜಕ್ಕೂ ನಮ್ಮ ಗುಂಪಿನ ಜೊತೆ ಬೆಟ್ಟಕ್ಕೆ ಬಂದಳು. ಕುತ್ತಿಗೆಗೆ ದೊಡ್ಡ ಕ್ಯಾಮೆರಾ, ಅದಕ್ಕೆ ಪ್ಲಾಸ್ಟಿಕ್ಕಿನ ಹೊದಿಕೆ, ಕೈಯಲ್ಲಿ ಕೊಡೆ. ಸರ್ ಕೊಡೆಯನ್ನು ಕೆಳಗೆ ಚಹಾದ ಅಂಗಡಿಯಲ್ಲೇ ಇಟ್ಟುಬರಲು ಹೇಳಿದರು. ಅರ್ಧ ದಾರಿಗೆ ಅವಳ ಎರಡೂ ಕೈ ಬಂಡೆ ಹಿಡಿಯುವುದರಲ್ಲಿದ್ದವು, ಕ್ಯಾಮೆರಾ ಮುಟ್ಟಲು ಬಿಡುವಿರಲಿಲ್ಲ. ಕೆಸರಿನಲ್ಲಿ ಒಮ್ಮೆ ಜಾರಿ ಕೂತಳು. ನಾನು ಹಿಂದಿನಿಂದ ಹೋಗಿ ತೋಳು ಹಿಡಿದು ಎಬ್ಬಿಸಿ, ಎಡಗಾಲು ಎಲ್ಲಿ ಇಡಬೇಕೆಂದು ತೋರಿಸಿದೆ. ಮೇಲೆ ತಲುಪಿದಾಗ ಮಂಜು ಕವಿದು ಏನೆಂದರೆ ಏನೂ ಕಾಣುತ್ತಿರಲಿಲ್ಲ. ಅವಳು ಸುತ್ತಲೂ ತಿರುಗಿ ಆ ಬಿಳುಪನ್ನು ನೋಡಿ, ಮುಖದ ನೀರು ಒರೆಸಿಕೊಂಡು, "ಮಸ್ತ್ ಆಹೇ" ಎಂದಳು. ಅತ್ತಿಗೆ ಆಗಲೇ ಒಂದು ಕಲ್ಲು ಹುಡುಕಿ ಕೂತು ಡಬ್ಬಿ ಬಿಚ್ಚಿದ್ದರು.